ಹತ್ತಿ ಮುಟ್ಟದ ಇಲಿಗಳು

ಮಾರ್ಚ್ ೪

ಅಕ್ಕನಿಗೆ,

ನಿಮ್ಮ ವಿಶ್ವವಿದ್ಯಾಲಯಕ್ಕೆ ನೂರು ವರ್ಷ ತುಂಬುತ್ತದಂತೆ. ಅದರ ಇತಿಹಾಸದ ಪುಸ್ತಕ ಬರುತ್ತದಂತೆ. ಆ ಪುಸ್ತಕಕ್ಕೆ ನೀನೇ ಸಂಪಾದಕಿಯಂತೆ. ಈ ಅಂತೆಗಳೆಲ್ಲ ನನಗೆ ತಲುಪಿದ್ದು ಅಮ್ಮನ ಬಾಯಿಂದ. ಪೇಪರಿನಲ್ಲಿ ಬಂದ ನಿನ್ನ ಫೋಟೋವನ್ನು ಕತ್ತರಿಸಿ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಮನೆ ನನ್ನದು, ಫ್ರಿಜ್ಜು ನನ್ನದು, ಅವಳ ಬಿ.ಪಿ. ಮಾತ್ರೆ ತರುವವಳು ನಾನು. ಆದರೂ ಹಾಲು ತೆಗೆಯಲು ಹೋದಾಗಲೆಲ್ಲ ನಿನ್ನ ಮುಖ ನೋಡಬೇಕು. ಅದೂ ನಗುಮುಖ.

ಫೋನು ಮಾಡಬಹುದಿತ್ತು. ಆದರೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಏನಾಗುತ್ತದೆಂದು ಅಮ್ಮ ಒಮ್ಮೆ ಕೇಳಿಸಿಕೊಂಡಾಗಿದೆ. "ಇನ್ನು ಮೇಲೆ ಜಗಳ ಆಡೋದಾದ್ರೆ ಬರೆದು ಆಡಿ, ನನ್ನ ಕಿವಿಗೆ ಬೀಳಬಾರದು" ಅಂದಳಲ್ಲ. ಅವಳ ಆಜ್ಞೆಯಂತೆ ಬರೆಯುತ್ತಿದ್ದೇನೆ.

ಸುತ್ತಿ ಬಳಸುವುದಿಲ್ಲ. ಪುಸ್ತಕದ ಕೊನೆಯ ಅಧ್ಯಾಯ ನಿನ್ನ ನೋವಿನ ಮದ್ದಿನದು ಎಂದು ಪೇಪರಿನಲ್ಲಿತ್ತು. ಮಂಪರು ತರದೆ ನೋವು ತಗ್ಗಿಸುವ ಮದ್ದು, ಸಂಸ್ಥೆಯ ಕಿರೀಟ, ಇತ್ಯಾದಿ. ಆ ಪ್ರಯೋಗ ನಡೆದಾಗ ಇಲಿಗಳ ಕೋಣೆಯಲ್ಲಿ ಎಷ್ಟು ಜನ ಇದ್ದೆವು, ಅಕ್ಕ? ನೀನು ಮತ್ತು ನಾನು. ನಿನ್ನ ಗೈಡ್ ಮೇಷ್ಟ್ರು ಬಂದು ಇಲಿಗಳ ಗೂಡಿಗೆ ಅಂಕ ಹಾಕಿ ಹೋಗುತ್ತಿದ್ದರು. ಪ್ರಬಂಧ ಅಚ್ಚಾದಾಗ ನಿನ್ನ ಹೆಸರು ಮೇಲೆ, ಮೇಷ್ಟ್ರ ಹೆಸರು ಕೆಳಗೆ, ನನ್ನದು ಕೊನೆಯ ಪುಟದ ಧನ್ಯವಾದಗಳಲ್ಲಿ, ಕರೆಂಟು ರಿಪೇರಿಯವನ ಪಕ್ಕದಲ್ಲಿ. ಆಗ ಮದುವೆ, ಊರು ಬದಲಾವಣೆ ಅಂತ ಸುಮ್ಮನಾದೆ. ಈಗ ಸುಮ್ಮನಿರುವುದಿಲ್ಲ. ಇತಿಹಾಸ ಬರೆಯುವವಳು ನೀನೇ ಆದ ಮೇಲೆ ನನ್ನ ಹೆಸರನ್ನೂ ಬರೆ. ಅಧ್ಯಾಯದೊಳಗೆ, ದೊಡ್ಡ ಅಕ್ಷರದಲ್ಲಿ.

ಅಕ್ಕನನ್ನು ಕೇಳಿದೆ ಅಂತ ಹೇಳು ಅಂದರು ನಮ್ಮನೆಯವರು. ಹೇಳಿದ್ದೇನೆ.

ತಂಗಿ


ಮಾರ್ಚ್ ೧೯

ಮುಂಗೋಪಿ ತಂಗಿಗೆ,

ಪತ್ರ ತಲುಪಿತು. ಅಮ್ಮನ ಬಿ.ಪಿ. ಎಷ್ಟಿದೆ ಎಂದು ಬರೆಯಲಿಲ್ಲ ನೀನು.

ಪುಸ್ತಕದ ಕೆಲಸ ಮೇಲೆ ಮೇಲೆ ಬಂದು ಬಿದ್ದಿದೆ. ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದೇವೆ. ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಗಿದೆ. ಆದರೆ ಏನೇನು ಸಿಗುತ್ತದೆ ಗೊತ್ತಾ! ಮೊದಲು ಇಲ್ಲಿದ್ದದ್ದು ಒಂದು ಕುದುರೆ ಲಾಯ ಅಷ್ಟೇ. ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಬಂದು ಮಕ್ಕಳು ಉಸಿರುಕಟ್ಟಿ ಸಾಯುತ್ತಿದ್ದ ಕಾಲ. ಒಬ್ಬ ಡಾಕ್ಟರು, ಒಬ್ಬ ಲಾಯದಾಳು, ನಾಲ್ಕಾರು ಕುದುರೆ. ಕುದುರೆಗೆ ಆ ರೋಗದ ವಿಷವನ್ನು ಸ್ವಲ್ಪಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಸೀರಂ ತೆಗೆದು, ಸೈಕಲ್ಲಿನ ಮೇಲೆ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ಒಂದು ಕಂದು ಕುದುರೆಯ ಫೋಟೋ ಸಿಕ್ಕಿದೆ, ಅದರ ಕೊರಳಿಗೆ ಪದಕ ಹಾಕಿದ್ದಾರೆ. ಮುಖದಲ್ಲಿ ಎಂಥ ಜಂಬ ಅಂತೀಯ.

ಆಮೇಲೆ ಲಾಯ ಹೋಗಿ ಲಸಿಕೆ ಮನೆ ಬಂತು, ಜೊತೆಗೆ ಹುಡುಗಿಯರಿಗೆ ಒಂದು ತರಬೇತಿ ಶಾಲೆ. ಊರಿಗೆಲ್ಲ ವಿಷಮಶೀತ ಜ್ವರ ಹಬ್ಬಿದಾಗ ಇಲ್ಲಿಯ ಹುಡುಗಿಯರೇ ಬಾಟಲಿ ಹಿಡಿದು ಮನೆಮನೆಗೆ ಹೋಗಿ ನೀರು ತಂದು ಪರೀಕ್ಷೆ ಮಾಡಿ, ತಪ್ಪು ಬಾವಿಯದಲ್ಲ, ಐಸ್ ಕಾರ್ಖಾನೆಯದು ಎಂದು ತೋರಿಸಿದರು. ಕಾರ್ಖಾನೆಯವರು ಕಲ್ಲು ತೂರಿದರಂತೆ. ಕಾಮಾಲೆಯ ಹಸುಗೂಸುಗಳಿಗೆ ನೀಲಿ ದೀಪದ ಕೋಣೆ ಈ ಭಾಗದಲ್ಲಿ ಮೊದಲು ಕಟ್ಟಿದ್ದೂ ಇವರೇ. ತರಬೇತಿ ಶಾಲೆ ಕಾಲೇಜಾಯಿತು, ಕಾಲೇಜಿನ ಪಕ್ಕ ಆಸ್ಪತ್ರೆ ಎದ್ದಿತು, ಎಲ್ಲ ಸೇರಿ ವಿಶ್ವವಿದ್ಯಾಲಯವಾಯಿತು. ಓದುತ್ತಾ ಕೂತರೆ ಊಟದ ನೆನಪಾಗುವುದಿಲ್ಲ.

ನಿನ್ನ ಹೆಸರಿನ ವಿಷಯ ಸಮಿತಿಯಲ್ಲಿ ಕೇಳಬೇಕು. ನನ್ನೊಬ್ಬಳ ಕೈಯಲ್ಲಿಲ್ಲ.

ಅಂದಹಾಗೆ, ಆ ಪ್ರಯೋಗದ ಕಾಲದಲ್ಲಿ ನೀನು ಕೈ ತೊಳೆಯುತ್ತಿದ್ದ ಸೋಪು ಯಾವುದು? ಗವಸು ಹಾಕುತ್ತಿದ್ದೆಯಾ? ಇಲಿಗಳನ್ನು ಹೇಗೆ ಎತ್ತುತ್ತಿದ್ದೆ? ಪುಸ್ತಕಕ್ಕೆ ಬೇಕಾಗಿದೆ.

ಅಕ್ಕ


ಮಾರ್ಚ್ ೨೭

ಅಕ್ಕ,

ಅಬ್ಬಬ್ಬಾ! ಕುದುರೆಗೆ ಒಂದು ಅಧ್ಯಾಯ, ಕುದುರೆಯ ಕೊರಳಿಗೆ ಪದಕ, ಸೈಕಲ್ಲಿಗೂ ಒಂದು ಸಾಲು. ನನ್ನ ಹೆಸರು ಮಾತ್ರ ಸಮಿತಿಯಲ್ಲಿ ಕೇಳಬೇಕು! ಸತ್ತ ಕುದುರೆಯ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ನನಗೆ.

ಅದಿರಲಿ, ಸೋಪು ಯಾವುದು ಅಂತ ಕೇಳುತ್ತೀಯಲ್ಲ, ನಾಚಿಕೆಯಾಗುವುದಿಲ್ಲವಾ? ಅಧ್ಯಾಯದಲ್ಲಿ ನನ್ನ ಪಾಲು ಅಷ್ಟೇ ಅಂತಲಾ? "ಸಂಶೋಧಕಿಯ ತಂಗಿ ಶುಚಿಯಾಗಿ ಕೈ ತೊಳೆಯುತ್ತಿದ್ದಳು" ಅಂತ ಬರೆಯುತ್ತೀಯಾ? ಚಿಕ್ಕಂದಿನಲ್ಲೂ ನಿನ್ನದು ಇದೇ ಕಥೆ. ರಂಗದ ಮೇಲೆ ನೀನು ರಾಣಿ, ನಾನು ಪರದೆ ಎಳೆಯುವವಳು. ಚಪ್ಪಾಳೆ ಆದ ಮೇಲೆ, "ಪರದೆ ಸ್ವಲ್ಪ ನಿಧಾನ ಆಯ್ತು ಕಣೇ" ಅಂತ ಬೇರೆ ಅನ್ನುತ್ತಿದ್ದೆ.

ಇವತ್ತು ತರಗತಿಯಲ್ಲಿ ನರ್ಸಿಂಗ್ ಹುಡುಗಿಯರಿಗೆ ನೋವಿನ ಪಾಠ ಇತ್ತು. ಪಠ್ಯಪುಸ್ತಕದಲ್ಲಿ ನಿನ್ನ ಪ್ರಯೋಗದ ಚಿತ್ರ ಇದೆ, ನೋಡಿದ್ದೀಯಾ? ಗಾಯವಾದ ಇಲಿ ನೋವಿದ್ದರೆ ಮೂಲೆಯಲ್ಲಿ ಮುದುಡಿ ಕೂರುತ್ತದೆ, ಪಂಜರದೊಳಗೆ ಹಾಕಿದ ಹತ್ತಿಯನ್ನು ಮುಟ್ಟುವುದಿಲ್ಲ. ನೋವು ತಗ್ಗಿದರೆ ಎದ್ದು ಬಂದು ಹತ್ತಿ ಬಿಡಿಸಿ ಗೂಡು ಕಟ್ಟುತ್ತದೆ. ಮದ್ದು ಕೊಟ್ಟ ಇಲಿಗಳು ಗೂಡು ಕಟ್ಟಿದವು, ಬರೀ ಉಪ್ಪುನೀರು ಕೊಟ್ಟವು ಕಟ್ಟಲಿಲ್ಲ. ಇದನ್ನು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಡಬೇಕು. ಆ ಹತ್ತಿಯನ್ನು ಹಿಂಜಿ ಹಿಂಜಿ ಪಂಜರದೊಳಗೆ ಇಟ್ಟವಳು ನಾನು ಎಂದು ಆ ಹುಡುಗಿಯರಿಗೆ ಹೇಳಲಾ ಬೇಡವಾ ಅಂತ ಬಾಯಿ ತೆರೆದವಳು ಮುಚ್ಚಿಕೊಂಡೆ. ನಂಬುತ್ತಿರಲಿಲ್ಲ.

ನಿನ್ನ ಪ್ರಶ್ನೆಗಳಿಗೆ ಉತ್ತರ ಇಲ್ಲ. ಹೆಸರು ಹಾಕುತ್ತೀಯೋ ಇಲ್ಲವೋ ಅಷ್ಟು ಹೇಳು.

ಅಮ್ಮನ ಬಿ.ಪಿ. ಸರಿಯಾಗಿದೆ. ಏರುತ್ತಿರುವುದು ನನ್ನದು.

ತಂಗಿ


ಮೇ ೨

ತಂಗಿ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಸ್ವಲ್ಪ ತೊಂದರೆ ಇತ್ತು. ಅದು ಬೇರೆ ವಿಷಯ.

ಸಮಿತಿ ಒಪ್ಪಿತು. ಅಧ್ಯಾಯದ ತಲೆಬರಹದ ಕೆಳಗೆ ಇಬ್ಬರ ಹೆಸರೂ ಬರುತ್ತದೆ. ಉತ್ಸವದ ದಿನ ನಿನಗೂ ವೇದಿಕೆಗೆ ಕರೆ ಇದೆ. ಆಹ್ವಾನ ಪ್ರತ್ಯೇಕವಾಗಿ ಬರುತ್ತದೆ, ಕುಲಪತಿಗಳ ಸಹಿ ಇರುತ್ತದೆ.

ನನ್ನದೊಂದು ಸಣ್ಣ ಕೋರಿಕೆ. ಇಲಿಗಳನ್ನು ಹೇಗೆ ಎತ್ತುತ್ತಿದ್ದೆ, ಚುಚ್ಚುವ ಮುಂಚೆ ಏನಾದರೂ ಮಾಡುತ್ತಿದ್ದೆಯಾ, ನೆನಪಿದ್ದಷ್ಟು ಬರೆ. ಸಾಧ್ಯವಾದರೆ ಒಂದು ವಾರ ಇಲ್ಲಿಗೆ ಬಂದು ಹೋಗು. ನಮ್ಮ ಇಲಿಗಳ ಕೋಣೆಯನ್ನು ನೋಡಿ ಎಷ್ಟು ಕಾಲವಾಯಿತು ನಿನಗೆ.

ಅಕ್ಕ


ಮೇ ೯

ನನ್ನ ಅಕ್ಕನಿಗೆ,

ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ನಿಂತವಳು ನಿಂತ ಹಾಗೇ ಅತ್ತುಬಿಟ್ಟೆ. ಯಾರೋ ಹೋದರು ಅಂದುಕೊಂಡು ಅಮ್ಮ ಗಾಬರಿಯಾಗಿ ಓಡಿಬಂದಳು. "ನನ್ನ ಹೆಸರು ಬರತ್ತೆ ಅಮ್ಮಾ" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಷ್ಟಕ್ಕಾ? ನಿನ್ನ ಹೆಸರು ಪಡಿತರ ಚೀಟೀಲೂ ಇದೆಯಲ್ಲೇ" ಅಂದಳು. ಆದರೆ ಸಂಜೆ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಗೊತ್ತಾಯಿತು.

ನಾನೂ ಸುಮ್ಮನಿಲ್ಲ. ಪ್ರಿನ್ಸಿಪಾಲರಿಗೆ ಹೇಳಿದೆ. ನನ್ನನ್ನು ಕಂಡರಾಗದ ಅಂಗರಚನಾಶಾಸ್ತ್ರದ ಮೇಡಂಗೆ ಎರಡೆರಡು ಸಲ ಹೇಳಿದೆ, ಮೊದಲನೇ ಸಲ ಅವರ ಮುಖ ಸರಿಯಾಗಿ ನೋಡಲಾಗಲಿಲ್ಲ ಅಂತ. ಹೊಸ ಬಟ್ಟೆ ಹೊಲಿಸಲು ಹಾಕಿದ್ದೇನೆ. ನಮ್ಮನೆಯವರು, "ಇಬ್ಬರಲ್ಲಿ ಯಾರ ಹೆಸರು ಮೊದಲು?" ಅಂತ ಕಿಡಿ ಹಚ್ಚಿ ಪೇಪರಿನ ಹಿಂದೆ ಅಡಗಿದರು. ಹೌದಲ್ಲ, ಯಾರದು ಮೊದಲು? ನಿನ್ನದೇ ಇರಲಿ ಬಿಡು, ದೊಡ್ಡವಳು. ಆದರೆ ಅಕ್ಷರದ ಗಾತ್ರ ಒಂದೇ ಇರಬೇಕು.

ಅದ್ಯಾಕೆ ಮತ್ತೆ ಮತ್ತೆ ಇಲಿ ಎತ್ತುವುದನ್ನು ಕೇಳುತ್ತೀಯ? ಇಲಿ ಎತ್ತುವ ಹಾಗೆ ಎತ್ತುತ್ತಿದ್ದೆ. ಎಲ್ಲಿಯ ನೆನಪು ಅದೆಲ್ಲ. ಪರೀಕ್ಷೆ ಮುಗಿಯುವವರೆಗೆ ಬರಲು ಆಗುವುದಿಲ್ಲ, ಉತ್ಸವಕ್ಕೇ ಬರುತ್ತೇನೆ. ವೇದಿಕೆಯ ಮೇಲೆ ನಿನ್ನ ಪಕ್ಕ ಕೂರುತ್ತೇನೆ. ಅಲ್ಲಿ ಜಗಳ ಆಡಬಾರದು ಅಂತ ಈಗಲೇ ಹೇಳಿಟ್ಟಿರುತ್ತೇನೆ.

ಪ್ರೀತಿಯ ತಂಗಿ


ಜೂನ್ ೩

ತಂಗಿ,

ಇದನ್ನು ಬರೆಯದೆ ಬೇರೆ ದಾರಿ ಕಾಣುತ್ತಿಲ್ಲ. ಅಮ್ಮನಿಗೆ ತೋರಿಸಬೇಡ.

ಉತ್ಸವದ ದಿನ ಕುಲಪತಿಗಳು ಒಂದು ಘೋಷಣೆ ಮಾಡಲಿದ್ದಾರೆ. ಅಂದಿನಿಂದ ನಮ್ಮ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನನ್ನ ಮದ್ದನ್ನು ರೋಗಿಗಳ ಮೇಲೆ ಪರೀಕ್ಷಿಸುತ್ತಾರೆ. ಮದ್ದಿನಿಂದ ಅಪಾಯವಿಲ್ಲ ಎಂದು ಖಾತ್ರಿಯಾಗಿದೆ. ಆದರೆ ಅದನ್ನು ಕೊಡುವಾಗ, ನೋವಿಗೆ ಈಗ ಕೊಡುತ್ತಿರುವ ಮಾರ್ಫಿನ್ ತಗ್ಗಿಸುತ್ತಾರೆ. ಆ ವಾರ್ಡಿನ ಡಾಕ್ಟರು ಮಿತಭಾಷಿ ಹೆಂಗಸು. ಮೊನ್ನೆ ನನ್ನ ಕೋಣೆಗೆ ಬಂದು ಕೇಳಿದರು, "ಮೇಡಂ, ಪಟ್ಟಿ ಬಿಚ್ಚೋವಾಗ ನಮ್ಮ ರೋಗಿಗಳು ಕೂಗೋದನ್ನ ನೀವು ಕೇಳಿದ್ದೀರಾ? ನಿಮ್ಮ ಮಾತಿನ ಮೇಲೆ ನಾನು ಮಾರ್ಫಿನ್ ಕಮ್ಮಿ ಮಾಡೋಕೆ ಹೊರಟಿದ್ದೀನಿ. ಇದು ಕೆಲಸ ಮಾಡತ್ತೆ ತಾನೆ?" ನಾನು ಮಾಡುತ್ತದೆ ಎಂದೆ.

ಮಾಡುತ್ತಿಲ್ಲ ಕಣೇ. ನೀನು ಹೋದ ಮೇಲೆ ಒಮ್ಮೆಯೂ ಮಾಡಿಲ್ಲ. ವಿದ್ಯಾರ್ಥಿಗಳು ಮಾಡಿದರು, ನಾನು ಮಾಡಿದೆ, ಇಲಿಗಳ ತಳಿ ಬದಲಿಸಿ ಮಾಡಿದೆ, ಮದ್ದನ್ನು ಹೊಸದಾಗಿ ತಯಾರಿಸಿ ಮಾಡಿದೆ. ಮದ್ದು ಚುಚ್ಚಿದ ಇಲಿಯೂ ಮೂಲೆಯಲ್ಲಿ, ಉಪ್ಪುನೀರಿನ ಇಲಿಯೂ ಮೂಲೆಯಲ್ಲಿ. ಹತ್ತಿ ಇಟ್ಟದ್ದು ಇಟ್ಟಲ್ಲೇ. ಮೊದಮೊದಲು ವಿದ್ಯಾರ್ಥಿಗಳನ್ನು ಬೈದೆ. ಈಗ ಬೈಯಲು ಯಾರೂ ಉಳಿದಿಲ್ಲ. ಹೊರಗಿನವರು ಕೇಳಿದರೆ, ನಮ್ಮ ವಿಧಾನ ಸೂಕ್ಷ್ಮವಾದದ್ದು, ಕೈ ಪಳಗಬೇಕು ಎಂದು ಹೇಳಿ ಸಾಗಹಾಕುತ್ತೇನೆ.

ಅದಕ್ಕೇ ಸೋಪು, ಗವಸು ಎಂದೆಲ್ಲ ಕೇಳಿದ್ದು. ಪುಸ್ತಕಕ್ಕಲ್ಲ. ನಿನ್ನ ಕೈಯಲ್ಲಿ ಏನೋ ಇದ್ದಿರಬೇಕು, ಅದು ನನಗೆ ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಏನೆಂದು ಕೇಳಲಿ? ನೀನು ನನ್ನ ಹತ್ತಿರ ಇದ್ದಿದ್ದರೆ ನೋಡಿ ಕಲಿಯುತ್ತಿದ್ದೆ. ನೀನು ಮನೆ, ಗಂಡ, ಕೊನೆಗೆ ಅಮ್ಮನನ್ನೂ ಕಟ್ಟಿಕೊಂಡು ದೂರ ಹೋಗಿ ಕೂತೆ. ನಾನು ಇಲ್ಲಿ ಒಂದು ಕುರ್ಚಿ, ಒಂದು ಪದಕ ಇಟ್ಟುಕೊಂಡು ಊಟಕ್ಕೆ ಒಬ್ಬಳೇ ಕೂರುತ್ತೇನೆ. ನಿನಗೆ ಉರಿಯುತ್ತದಂತೆ! ಅಮ್ಮ ನನ್ನ ಫೋಟೋ ಅಂಟಿಸಿದಳು, ಸರಿ. ಇರುವುದು ನಿನ್ನ ಜೊತೆ ತಾನೆ?

ಜಗಳ ಆಮೇಲೆ ಆಡೋಣ. ಆಗ ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆ. ಸಣ್ಣದು ದೊಡ್ಡದು ನೋಡಬೇಡ.

ಅಕ್ಕ


ಜೂನ್ ೮

ಅಕ್ಕ,

ಓದಿದೆ. ಮೊದಲು ಬಂದದ್ದು ಸಿಟ್ಟು: ಇಷ್ಟು ವರ್ಷ ನನಗೆ ಹೇಳದೆ ಇದ್ದೆಯಲ್ಲ! ಆಮೇಲೆ, ದೇವರಾಣೆ, ಖುಷಿಯಾಯಿತು. ನಾನಿಲ್ಲದೆ ನಿನಗೆ ಆಗಲಿಲ್ಲ. ಆ ಖುಷಿಯಲ್ಲೇ ಒಂದು ಲೋಟ ಕಾಫಿ ಮಾಡಿಕೊಂಡು, ನಿನಗೆ ಪಾಠ ಹೇಳುವ ಗತ್ತಿನಲ್ಲಿ ಬರೆಯಲು ಕೂತಿದ್ದೇನೆ. ಕೇಳು.

ಸೋಪು, ಎಲ್ಲರಿಗೂ ಇಟ್ಟಿದ್ದ ಬಿಳಿ ಸೋಪೇ. ಗವಸು ಹಾಕುತ್ತಿದ್ದೆ. ಹಾಡು ಗೀಡು ಏನೂ ಹೇಳುತ್ತಿರಲಿಲ್ಲ. ಇನ್ನು ಎತ್ತುವುದು. ಮೇಷ್ಟ್ರು ಕಲಿಸಿದ್ದು ಬಾಲ ಹಿಡಿದು ಎತ್ತು ಅಂತ. ನೀನೂ ಹಾಗೇ ಎತ್ತುತ್ತಿದ್ದೆ, ಊರಿನವರೆಲ್ಲ ಹಾಗೇ ಎತ್ತುತ್ತಾರೆ. ನನಗೆ ಮಾತ್ರ ಆ ಬಾಲ ಮುಟ್ಟಿದರೆ ಮೈ ಜುಮ್ಮೆನ್ನುತ್ತಿತ್ತು. ಥೂ, ಎರೆಹುಳ ಹಿಡಿದ ಹಾಗೆ. ಹಾಗಾಗಿ ಎರಡು ಕೈ ಬೊಗಸೆ ಮಾಡಿ ಕೆಳಗಿನಿಂದ ಎತ್ತಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವು ತಾವಾಗಿಯೇ ಬಂದು ಬೊಗಸೆಯಲ್ಲಿ ಕೂರುತ್ತಿದ್ದವು, ಮೂಗು ಆಡಿಸುತ್ತಾ. ಮೇಷ್ಟ್ರ ಚಪ್ಪಲಿ ಸದ್ದು ಕೇಳಿದರೆ ಮಾತ್ರ ಬಾಲ. ನಿನಗೆ ಹೇಗೆ ಗೊತ್ತಾಗಬೇಕು, ನಮ್ಮಿಬ್ಬರ ನಡುವೆ ಆ ಎತ್ತರದ ಕಪಾಟು ಇತ್ತು. ಆಚೆ ಕಡೆಯ ಸಾಲು ನಿನ್ನದು, ಈಚೆ ಕಡೆಯದು ನನ್ನದು. ನೆನಪಿದೆಯಲ್ಲ ಮೇಷ್ಟ್ರ ಕಟ್ಟಪ್ಪಣೆ: "ಒಂದು ಸಾಲಿಗೆ ಒಂದೇ ಕೈ, ಒಂದೇ ಸಿರಿಂಜು. ಮದ್ದು ಬೆರಕೆಯಾದ್ರೆ ಇಬ್ಬರನ್ನೂ ಆಚೆಗೆ ಹಾಕ್ತೀನಿ." ಕಡೇತನಕ ಒಂದು ದಿನವೂ ಸಾಲು ಬದಲಿಸಲಿಲ್ಲ ನಾವು.

ಅಕ್ಕ. ಇಲ್ಲಿಗೆ ಬಂದು ನಿಂತೆ. ಕಾಫಿ ಆರಿಹೋಗಿದೆ.

ಮದ್ದಿನ ಸಾಲು ಯಾರದು? ನನ್ನದು. ಉಪ್ಪುನೀರಿನ ಸಾಲು ನಿನ್ನದು. ಅಂಕ ಹಾಕುವ ಮೇಷ್ಟ್ರಿಗೆ ಯಾವ ಸಾಲಿಗೆ ಮದ್ದು, ಯಾವುದಕ್ಕೆ ಉಪ್ಪುನೀರು ಎಂದು ತಿಳಿಯದ ಹಾಗೆ ನೋಡಿಕೊಂಡೆವು, ಅದನ್ನೇ ಎಲ್ಲರೂ ಹೊಗಳಿದ್ದು. ಇಲಿಗಳಿಗೆ ಮಾತ್ರ ಗೊತ್ತಿತ್ತು. ನನ್ನವು ಬೊಗಸೆಯಲ್ಲಿ ಕೂತು ಹೋದವು, ನಿನ್ನವು ತಲೆಕೆಳಗಾಗಿ ಬಾಲದಲ್ಲಿ ನೇತಾಡಿಕೊಂಡು ಹೋದವು. ಹೆದರಿದ ಇಲಿ ಹತ್ತಿ ಯಾಕೆ ಮುಟ್ಟುತ್ತದೆ? ಈಗ ಅಲ್ಲಿ ಎರಡು ಸಾಲಿನಲ್ಲೂ ಬಾಲ ಹಿಡಿಯುವವರೇ ಇದ್ದಾರೆ, ಎರಡೂ ಮೂಲೆ ಸೇರಿವೆ. ಮದ್ದು ಏನೂ ಮಾಡಿರಲಿಲ್ಲ ಅಕ್ಕ. ಆಗಲೂ ಮಾಡಿರಲಿಲ್ಲ.

ಇಷ್ಟು ಬರೆದು ಎದ್ದು ಹೋಗಿ ಬಟ್ಟೆ ಮಡಚಿದೆ. ಹೊಲಿಗೆಯವನು ಹೊಸ ಬಟ್ಟೆ ತಂದುಕೊಟ್ಟಿದ್ದಾನೆ, ಚೆನ್ನಾಗಿದೆ. ಕುಲಪತಿಗಳ ಸಹಿಯ ಆಹ್ವಾನವೂ ನಿನ್ನೆ ಬಂತು. ಈ ಪತ್ರ ಅಂಚೆಗೆ ಹಾಕಿದರೆ ಅಧ್ಯಾಯ ಹೋಯಿತು, ಅದರ ಜೊತೆ ನನ್ನ ಹೆಸರೂ ಹೋಯಿತು. ಒಂದು ದಿನವೂ ಅಚ್ಚಾಗಲಿಲ್ಲ ಅದು. ಅಂಗರಚನಾಶಾಸ್ತ್ರದ ಮೇಡಂ ಏನನ್ನುತ್ತಾರೋ ಎಂದು ಈಗಲೇ ಕಿವಿಯಲ್ಲಿ ಕೇಳಿಸುತ್ತಿದೆ. ಹಾಕದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ ಅಂತಲೂ ಅನ್ನಿಸಿತು. ನಿನಗೇ ತಿಳಿದಿಲ್ಲ, ಇನ್ನು ಯಾರಿಗೆ ತಿಳಿಯುತ್ತದೆ?

ಆದರೆ ಪಟ್ಟಿ ಬಿಚ್ಚುವಾಗ ಕೂಗುತ್ತಾರೆ ಎಂದು ಬರೆದೆಯಲ್ಲ. ನಾನು ಓದುವ ಕಾಲದಲ್ಲಿ ಆ ವಾರ್ಡಿನಲ್ಲಿ ನಿಂತವಳು, ಆ ಕೂಗು ಕೇಳಿದ್ದೇನೆ. ಅವರನ್ನೆಲ್ಲ ಬೊಗಸೆಯಲ್ಲಿ ಎತ್ತಿಕೊಳ್ಳಲು ನನ್ನಿಂದ ಆಗುವುದಿಲ್ಲ. ಅವರಿಗೆ ಮಾರ್ಫಿನ್ನೇ ಬೇಕು.

ಹಾಕುತ್ತಿದ್ದೇನೆ. ನೀನು ನಂಬಬೇಡ, ಮಾಡಿ ನೋಡು. ಉಪ್ಪುನೀರಿನ ಸಾಲನ್ನು ಬೊಗಸೆಯಲ್ಲಿ ಎತ್ತಿಸು, ಮದ್ದಿನ ಸಾಲನ್ನು ಬಾಲದಲ್ಲಿ.

ತಂಗಿ


ಜುಲೈ ೧೪

ತಂಗಿ,

ಮಾಡಿ ನೋಡಿದೆ. ಉಪ್ಪುನೀರಿನವು ಹತ್ತಿ ಬಿಡಿಸಿ, ತಲೆಯ ಮೇಲೂ ಮುಚ್ಚಿಕೊಂಡು, ಗುಡಾಣದಂಥ ಗೂಡು ಕಟ್ಟಿಕೊಂಡು ಮಲಗಿದವು. ಮದ್ದಿನವು ಮೂಲೆಯಲ್ಲಿ. ನಂಬಿಕೆಯಾಗದೆ ಮತ್ತೆ ಮಾಡಿದೆ. ಮತ್ತೆ ಹಾಗೇ.

ಮೊದಲ ದಿನ ಯಾರಿಗೂ ಹೇಳಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ನಿನ್ನನ್ನು ಮನಸಾರೆ ಬೈದೆ. ಬಾಲ ಮುಟ್ಟಲು ಅಸಹ್ಯವಂತೆ! ನಾನು ಪುಸ್ತಕಗಳ ರಾಶಿಯಲ್ಲಿ ಹುಡುಕಿದ್ದು, ಪರದೇಶದವರಿಗೆ ಬರೆದು ಕೇಳಿದ್ದು, ಎಲ್ಲ ನಿನ್ನ ಒಂದು ಅಸಹ್ಯದೊಳಗೆ ಕೂತಿತ್ತು. ನಿನಗೆ ಇಲಿಗಳ ಮೇಲೆ ಪ್ರೀತಿಯಾದರೂ ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಮರುದಿನ ಸಮಿತಿಯ ಮುಂದೆ ನಿಂತು ಹೇಳಿದೆ. ಕುಲಪತಿಗಳು ಕನ್ನಡಕ ತೆಗೆದು ಒರೆಸಿ, "ಉತ್ಸವ ಮುಗೀಲಿ, ಆಮೇಲೆ ನೋಡೋಣ. ಈಗ್ಯಾಕೆ ನಮ್ಮ ಮರ್ಯಾದೆ ನಾವೇ ಕಳ್ಕೊಳ್ಳೋದು?" ಅಂದರು. ನಾನು, "ಆಮೇಲೆ ಅಂದ್ರೆ ವಾರ್ಡಿನಲ್ಲಿ ಶುರುವಾಗಿರತ್ತೆ ಸಾರ್. ಈಗ್ಲೇ ನಿಲ್ಲಿಸಬೇಕು" ಅಂದೆ. ಕೊನೆಗೆ ವಾರ್ಡಿನ ಪರೀಕ್ಷೆ ನಿಲ್ಲಿಸಿದರು. ಇನ್ನು ಮುಂದೆ ಸಂಪಾದಕಿ ನಾನಲ್ಲ, ವಿಭಾಗಕ್ಕೂ ಬೇರೆಯವರು ಬರುತ್ತಾರೆ. ಪ್ರಬಂಧವನ್ನು ಹಿಂದಕ್ಕೆ ಪಡೆಯುವ ಪತ್ರಕ್ಕೆ ಸಹಿ ಹಾಕಿ ಕಳಿಸಿದೆ. ಪಠ್ಯಪುಸ್ತಕದವರಿಗೂ ಬರೆದೆ, ಹುಡುಗಿಯರಿಗೆ ಇನ್ನು ಆ ಪಾಠ ಹೇಳಬೇಡ.

ಉತ್ಸವ ಮೊನ್ನೆ ಆಯಿತು. ನೀನು ಬರಲಿಲ್ಲ, ಒಳ್ಳೆಯದೇ ಆಯಿತು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪುಸ್ತಕ ಬಿಡುಗಡೆಯಾಯಿತು. ಕುದುರೆ ಇದೆ, ಐಸ್ ಕಾರ್ಖಾನೆ ಇದೆ, ನೀಲಿ ದೀಪದ ಕೋಣೆ ಇದೆ. ನಮ್ಮ ಅಧ್ಯಾಯ ಇದ್ದ ಕಡೆ ಹೊಸ ಕಟ್ಟಡದ ಬಣ್ಣದ ಫೋಟೋ ಹಾಕಿದ್ದಾರೆ. ನಿನ್ನ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ಭಾಷಣಗಳು ಚೆನ್ನಾಗಿದ್ದವು. ಚಪ್ಪಾಳೆ ತಟ್ಟಿದೆ, ತಟ್ಟದಿದ್ದರೆ ಪಕ್ಕದವರು ನೋಡುತ್ತಾರಲ್ಲ.

ಎಲ್ಲರೂ ಊಟಕ್ಕೆ ಹೋದಾಗ ಹೊರಗೆ ಪಡಸಾಲೆಯಲ್ಲಿ ಸುಟ್ಟಗಾಯದ ವಾರ್ಡಿನ ಡಾಕ್ಟರು ಸಿಕ್ಕಿದರು. ಬೈಯುತ್ತಾರೆ ಎಂದುಕೊಂಡೆ. "ಮೇಡಂ, ಇವತ್ತು ಪಟ್ಟಿ ಬದಲಾಯಿಸಿ ಬಂದೆ. ಮಾರ್ಫಿನ್ ಪೂರ್ತಿ ಕೊಟ್ಟೆ. ಒಬ್ಬರಂತೂ ನಡುವೆ ನಿದ್ದೆಯೇ ಹೋಗಿದ್ರು" ಅಂದರು. ಆಮೇಲೆ ಕೇಳಿದರು, "ಇಷ್ಟು ವರ್ಷ ಯಾರಿಗೂ ಹೊಳೀಲಿಲ್ಲ. ಈ ತಪ್ಪನ್ನ ಕಂಡುಹಿಡಿದದ್ದು ಯಾರು? ನೀವಾ?"

ಹೌದು ಎನ್ನಬಹುದಿತ್ತು ಕಣೇ. ಅಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ಕೈಯಲ್ಲಿ ಇನ್ನು ಏನೂ ಉಳಿದಿಲ್ಲ, ಇಷ್ಟಾದರೂ ನನಗಿರಲಿ ಅಂತ ನಾಲಗೆ ತುದಿಗೆ ಬಂದಿತ್ತು.

"ನನ್ನ ತಂಗಿ" ಅಂದೆ.

ಒಳಗೆ ಮೈಕು ಕಿರುಚುತ್ತಿತ್ತು. ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. ಅದಕ್ಕೇ ಹತ್ತಿರ ಹೋಗಿ, ನಿನ್ನ ಪೂರ್ತಿ ಹೆಸರು ಹಿಡಿದು, ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ.

ಅಕ್ಕ